ಒಂಬತ್ತು ಚಕ್ರದ ಟ್ಯಾಂಕು

ನಿನ್ನೆ ಡಾಕ್ಟರು ಅಪ್ಪನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, "ಚೆನ್ನಾಗಿದೆ, ಇನ್ನು ಡ್ರಾಪ್ಸ್ ಬೇಡ" ಅಂದರು. ಪಕ್ಕದಲ್ಲಿ ಕೂತಿದ್ದ ನನ್ನ ಬಾಯಿಂದ "ಅಯ್ಯೋ" ಅಂತ ಬಂದುಬಿಟ್ಟಿತು. ಡಾಕ್ಟರು ನನ್ನ ಮುಖ ನೋಡಿದರು. ಅಪ್ಪನೂ ನೋಡಿದರು, ಅದೂ ಗುಣವಾದ ಕಣ್ಣಲ್ಲಿ.

ನನ್ನ ಸಂಕಟ ಅವರಿಗೇನು ಗೊತ್ತು? ಎರಡನೇ ಮಹಾಯುದ್ಧದ ಸೋವಿಯತ್ ಟಿ-34 ಟ್ಯಾಂಕಿಗೆ ಒಂದೊಂದು ಪಕ್ಕಕ್ಕೆ ಐದರಂತೆ ಹತ್ತು ದೊಡ್ಡ ಚಕ್ರ. ನಿಜವಾದ ಚಕ್ರದ ವ್ಯಾಸ 830 ಮಿ.ಮೀ. ನಾವು ಮೇಜಿನ ಮೇಲೆ ಪುಟ್ಟ ಟ್ಯಾಂಕುಗಳನ್ನಿಟ್ಟು ಯುದ್ಧ ಆಡೋದು 1:72 ಅಳತೆಯಲ್ಲಿ, ಅಂದರೆ ನಿಜದ್ದರ ಎಪ್ಪತ್ತೆರಡನೇ ಒಂದು ಪಾಲು. ಭಾಗಿಸಿದರೆ ಹನ್ನೊಂದೂವರೆ ಮಿ.ಮೀ. ಮನೆಯಲ್ಲಿದ್ದ ಸಕಲ ಮುಚ್ಚಳಗಳಿಗೂ ಸ್ಕೇಲ್ ಹಿಡಿದು ಸೋತಾಗ ಕೈಗೆ ಸಿಕ್ಕಿದ್ದು ಅಪ್ಪನ ಐ ಡ್ರಾಪ್ಸ್ ಮುಚ್ಚಳ. ಹೇಳಿ ಮಾಡಿಸಿದ ಹಾಗಿತ್ತು. ಆದರೆ ಒಂದು ಬಾಟಲಿ ತೆರೆದರೆ ಒಂದು ತಿಂಗಳು. ತಿಂಗಳಿಗೊಂದೇ ಚಕ್ರ. ಒಂಬತ್ತು ತಿಂಗಳು ಕಾದವರು ತೊಟ್ಟಿಲು ಕಟ್ಟುತ್ತಾರೆ. ನನಗೆ ಸಿಕ್ಕಿದ್ದು ಒಂದು ಚಕ್ರ ಕಮ್ಮಿ ಇರೋ ಟ್ಯಾಂಕು.

ಮಿಕ್ಕಿದ್ದಕ್ಕೆ ಹೀಗೆ ಕಾಯಬೇಕಿರಲಿಲ್ಲ. ಟಿ-34ರ ಮೈಯೆಲ್ಲ ಇಳಿಜಾರು, ರಟ್ಟು ಕತ್ತರಿಸುವವನಿಗೆ ಅದೊಂದು ವರ. ಅದರ 45 ಮಿ.ಮೀ. ಉಕ್ಕು ನಮ್ಮ ಅಳತೆಗೆ 0.6 ಚಿಲ್ಲರೆ, ಕೆಮ್ಮಿನ ಸಿರಪ್ಪಿನ ಡಬ್ಬ ಬಿಚ್ಚಿ ಎರಡು ಪದರ ಅಂಟಿಸಿದರೆ ಆಯ್ತು. ಪಾರ್ಸೆಲ್ ಡಬ್ಬದ ಮೇಲಿನ ಕಾಗದ ನೆನೆಸಿ ಸುಲಿದರೆ ಒಳಗಿನ ಸುಕ್ಕು ಪದರವೇ ಟ್ರ್ಯಾಕು, ಅಂದರೆ ಚಕ್ರಗಳನ್ನು ಬಳಸಿ ಸುತ್ತುವ ಪಟ್ಟಿ. ಖಾಲಿ ರೀಫಿಲ್ಲು ಫಿರಂಗಿ. ಟೂತ್‌ಪೇಸ್ಟ್ ಮುಚ್ಚಳ ಉಜ್ಜಿ ಮಾಡಿದ್ದು ಟರೆಟ್ಟು, ಫಿರಂಗಿ ಹೊತ್ತು ತಿರುಗುವ ಮಂಡೆ. (ಅಂದಿನಿಂದ ಪೇಸ್ಟು ಮೂತಿ ಒಣಗಿಸಿಕೊಂಡು ಕೂತಿದೆ, ಬೆಳಿಗ್ಗೆ ಬೆಳಿಗ್ಗೆ ಮನೆಯವರೆಲ್ಲ ನನ್ನನ್ನು ನೆನೆಯುತ್ತಾರೆ.) ಹತ್ತನೇ ಚಕ್ರಕ್ಕೆ ವಿಧಿಯಿಲ್ಲದೆ ನನ್ನದೇ ಅಂಗಿಯ ಗುಂಡಿ ಕಿತ್ತೆ.

ಸಂಜೆ ಎದುರು ಪಾಳಯದ ಗೆಳೆಯ ಬಂದ. ಅವನ ಟ್ಯಾಂಕುಗಳೆಲ್ಲ ಅಂಗಡಿಯ ಕಿಟ್ಟು. ಸಾಲದ್ದಕ್ಕೆ ಜೇಬಲ್ಲಿ ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ಓಡಾಡುವ ಪ್ರಾಣಿ. ಕೂರೋದಕ್ಕೂ ಮುಂಚೆ ರೀಫಿಲ್ಲಿಗೆ ಅದನ್ನು ತೂರಿಸಿದ.

"ತೂತು 2 ಮಿ.ಮೀ. ಎಪ್ಪತ್ತೆರಡರಿಂದ ಗುಣಿಸಿದ್ರೆ 144. ಟಿ-34ರದ್ದು 76.2 ಕಣೋ. ಇದನ್ನ ಯಾವ ಹಡಗಿಂದ ಕಿತ್ಕೊಂಡ್ ಬಂದೆ?"

ನಾನು ಮಾತಾಡಲಿಲ್ಲ. ಆಮೇಲೆ ಗುಂಡಿ ಕಣ್ಣಿಗೆ ಬಿತ್ತು. "ಈ ಚಕ್ರ ಯಾಕೆ ಬೇರೆ ಥರ ಇದೆ?"

ಇದಕ್ಕೆ ನಾನು ತಯಾರಾಗಿದ್ದೆ. 1942ರಲ್ಲಿ ಸ್ಟಾಲಿನ್‌ಗ್ರಾಡ್ ಕಾರ್ಖಾನೆಯವರು ರಬ್ಬರ್ ಸಾಲದೆ ಬರೀ ಉಕ್ಕಿನ ಚಕ್ರ ಹಾಕುತ್ತಿದ್ದರು, ಕೆಲವು ಗಾಡಿಗಳಲ್ಲಿ ಎರಡು ಥರದ್ದೂ ಬೆರಕೆ ಇರುತ್ತಿತ್ತು ಅಂತ ಇತಿಹಾಸವನ್ನೇ ಮುಂದಿಟ್ಟೆ.

"ಬೆರಕೆ ಒಪ್ಪಿದೆ. ದಾರ ಯಾಕಿದೆ?"

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಟ್ಯಾಂಕನ್ನು ಎತ್ತಿ ಬೋರಲು ಹಾಕಿದ. ಟ್ಯಾಂಕಿನ ಹೊಟ್ಟೆ ಯಾರು ನೋಡ್ತಾರೆ ಅಂತ ನಾನು ಕೆಳಗಡೆ ಬಣ್ಣ ಬಳಿದಿರಲಿಲ್ಲ. ಸಿರಪ್ಪಿನ ರಟ್ಟಿನ ಅಕ್ಷರಗಳು ಹಾಗೇ ಇದ್ದವು. ಕನ್ನಡಕ ಹಣೆಗೇರಿಸಿ ಗಟ್ಟಿಯಾಗಿ ಓದಿದ: "ಶೇಕ್ ವೆಲ್ ಬಿಫೋರ್ ಯೂಸ್."

ಅವನು ನಿಯಮದ ಮನುಷ್ಯ. ಆಟದ ನಿಯಮ ಪುಸ್ತಕದ ಅಲ್ಪವಿರಾಮವನ್ನೂ ಮೀರಿದವನಲ್ಲ. ನನ್ನನ್ನೇ ನೋಡುತ್ತಾ ಅಲ್ಲಾಡಿಸಿದ. ಮೊದಲ ಸಲಕ್ಕೆ ಏನೂ ಆಗಲಿಲ್ಲ, ನನಗೆ ಹೆಮ್ಮೆಯೇ ಆಯಿತು. "ವೆಲ್ ಅಂತ ಇದೆ" ಅಂದು ಇನ್ನೊಮ್ಮೆ ಅಲ್ಲಾಡಿಸಿದ. ಟರೆಟ್ಟು ಫಿರಂಗಿ ಸಮೇತ ಹಾರಿ, ನೆಲಕ್ಕೆ ಎರಡು ಸಲ ಪುಟಿದು ಬೀರುವಿನ ಅಡಿ ಸೇರಿತು. ಮಧ್ಯವಯಸ್ಸಿನ ಇಬ್ಬರು ಗಂಡಸರು ಮೊಬೈಲ್ ಟಾರ್ಚ್ ಹಾಕಿಕೊಂಡು, ಪೊರಕೆ ಹಿಡಿಯಿಂದ ಕೆದಕುತ್ತಾ ನೆಲದ ಮೇಲೆ ಹೊಟ್ಟೆ ಊರಿ ಮಲಗಿದ್ದಾಗ ಅಪ್ಪ ಬಂದು ನಿಂತು ನೋಡಿ, ಏನೂ ಕೇಳದೆ ವಾಪಸ್ ಹೋದರು. ಟರೆಟ್ಟು ಸಿಕ್ಕಿತು, ಫಿರಂಗಿ ಇನ್ನೂ ಸಿಕ್ಕಿಲ್ಲ. ಒಂದು ಗುಂಡೂ ಹಾರಿಸದ ನನ್ನ ಟ್ಯಾಂಕಿನ ಮುಂದೆ ಅವನು "ನಾಶ" ಅಂತ ಬರೆದುಕೊಂಡ. ದಾಳ ಕೂಡ ಉರುಳಿಸಲಿಲ್ಲ!

ಅಪ್ಪ ಮುಂಚಿನಿಂದಲೂ ಹಾಗೇ, ಏನೂ ಕೇಳುವವರಲ್ಲ. ಬಾಟಲಿ ಮುಗಿದ ದಿನ ಮುಚ್ಚಳ ತೊಳೆದು, ಒರೆಸಿ, ನನ್ನ ಮೇಜಿನ ಮೂಲೆಯಲ್ಲಿಟ್ಟು "ಏಳನೇದು" ಅನ್ನುತ್ತಿದ್ದರು, "ಎಂಟನೇದು" ಅನ್ನುತ್ತಿದ್ದರು. ಪೇಪರಿನ ದಪ್ಪ ಹೆಡ್ಡಿಂಗ್ ಬಿಟ್ಟು ಬೇರೇನೂ ಓದಲಾಗದ ದಿನಗಳಲ್ಲೂ ಆ ಲೆಕ್ಕ ಮಾತ್ರ ತಪ್ಪಿರಲಿಲ್ಲ.

ಇವತ್ತು ಬೆಳಿಗ್ಗೆ ಪೇಪರ್ ಮಡಚಿಟ್ಟು ಕಣ್ಣುಜ್ಜಿಕೊಂಡರು. "ಯಾಕೋ ಸ್ವಲ್ಪ ಉರೀತಿದೆ ಕಣೋ."

"ಡ್ರಾಪ್ಸ್ ತರ್ಲಾ ಅಪ್ಪಾ?" ಅಂದೆ. ಅಷ್ಟು ಬೇಗ ಅನ್ನಬಾರದಿತ್ತು.