ಕಾಮಾತುರಾಣಾಂ ನ ಭಯಂ, ನ ಲಜ್ಜಾ

ಶೀರ್ಷಿಕೆಯ ನಡುವಿನ ಕಾಮಾ ನಾನೇ ಸೇರಿಸಿದ್ದು. ಸುಭಾಷಿತಕ್ಕೆ ಕಾಮಾ ಹಾಕಿದರೆ ಯಾರೂ ಓವರ್‌ಟೈಮ್ (ಓಟಿ) ಕೂಲಿ ಕೇಳಲು ಬರುವುದಿಲ್ಲವೆಂಬ ಧೈರ್ಯ.

ಅಮೆರಿಕದ ಮೇಯ್ನ್ ರಾಜ್ಯದವರಿಗೆ ಆ ಧೈರ್ಯ ಈಗಿಲ್ಲ. ಅಲ್ಲಿನ ಕಾನೂನಿನಂತೆ ವಾರಕ್ಕೆ 40 ಗಂಟೆ ಮೀರಿ ದುಡಿದರೆ ಒಂದೂವರೆ ಪಟ್ಟು ಕೂಲಿ. ಬೇಗ ಕೆಡುವ ಆಹಾರದ ಕೆಲವು ಕೆಲಸಗಳಿಗೆ ಈ ಭಾಗ್ಯವಿಲ್ಲ. ಯಾವ ಕೆಲಸಗಳು? ಡಬ್ಬಿಗೆ ತುಂಬುವುದು, ಸಂಸ್ಕರಿಸುವುದು, ಒಣಗಿಸುವುದು, ದಾಸ್ತಾನು ಮಾಡುವುದು, ಹೀಗೆ ಕಾಮಾಗಳ ಮೆರವಣಿಗೆ. ಕೊನೆಗೆ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’. ಅಷ್ಟು ದೂರ ಧಾರಾಳವಾಗಿ ಬಂದವರಿಗೆ ಶಿಪ್‌ಮೆಂಟ್ ಬಳಿ ಕೈ ಬಿಗಿಯಾಯಿತು. ಅಲ್ಲಿ ಕಾಮಾ ಇರಲಿಲ್ಲ.

ಓಖರ್ಸ್ಟ್ ಡೇರಿಯ ಹಾಲಿನ ಗಾಡಿಯ ಚಾಲಕರು ಹಿಡಿದದ್ದು ಆ ಖಾಲಿ ಜಾಗವನ್ನೇ. ಓಟಿ ಇಲ್ಲದಿರುವುದು ಪ್ಯಾಕ್ ಮಾಡುವವರಿಗೆ. ನಾವು ಪ್ಯಾಕ್ ಮಾಡುವುದಿಲ್ಲ, ಹಂಚುತ್ತೇವೆ, ಕೊಡಿ ದುಡ್ಡು ಅಂದರು. ಹಂಚುವುದು ಬೇರೆಯೇ ಕೆಲಸ, ಅದೂ ಪಟ್ಟಿಯಲ್ಲಿದೆ ಅಂದಿತು ಕಂಪನಿ.

‘ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವುದು’ ಎಂದರೆ ಚಾಲಕರು ಗೆದ್ದರು. ‘ಸಾಗಣೆಗೆ ಪ್ಯಾಕ್ ಮಾಡುವುದು ಇಲ್ಲವೇ ವಿತರಿಸುವುದು’ ಎಂದರೆ ಕಂಪನಿ ಗೆದ್ದಿತು. ಎರಡೂ ಅರ್ಥ ಬರುವ ಒಂದೇ ಕನ್ನಡ ವಾಕ್ಯ ಮಾಡಲು ಅರ್ಧ ದಿನ ಹೆಣಗಿದೆ, ಆಗಲಿಲ್ಲ. ನಮ್ಮಲ್ಲಿ ಒಂದು ‘ಓ’ಕಾರ ಮುಗಿಸುವ ಕೆಲಸಕ್ಕೆ ಅವರು ಎರಡು ಕಡೆಯೂ ವಕೀಲರನ್ನಿಟ್ಟರು. ಇಂಗ್ಲಿಷ್ ಕಾಮಾ ತಪ್ಪಿತೆಂದು ಮೇಷ್ಟ್ರ ಕೈಲಿ ಬೆರಳಿನ ಗೆಣ್ಣಿಗೆ ಹೊಡೆಸಿಕೊಂಡವನಿಗೆ ಇದು ಸಣ್ಣ ಸಮಾಧಾನವಲ್ಲ.

ಕಂಪನಿಯ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು: ಕಾನೂನು ಬರೆಯುವವರಿಗೆಂದು ಆ ರಾಜ್ಯವೇ ಮಾಡಿದ ಕೈಪಿಡಿ. ಪಟ್ಟಿಯ ಕೊನೆಯ ಪದದ ಹಿಂದೆ ಕಾಮಾ ಹಾಕಕೂಡದು ಎಂದು ಅದರಲ್ಲಿ ಅಪ್ಪಣೆಯಾಗಿತ್ತು. ಅಂದರೆ ಗೊಂದಲ ಕೈತಪ್ಪಿನಿಂದ ಆದದ್ದಲ್ಲ, ನಿಯಮ ಪಾಲಿಸಿ ಸಂಪಾದಿಸಿದ್ದು. ಅದೇ ಕೈಪಿಡಿ, ಪಟ್ಟಿಯ ಪದಕ್ಕೆ ವಿಶೇಷಣ ಅಂಟಿದ್ದರೆ ಹುಷಾರು ಅಂತಲೂ ಹೇಳಿತ್ತು. ಕೈಪಿಡಿಯನ್ನು ಅಷ್ಟು ದೂರ ಓದುವವರು ಯಾರು?

ಲಂಡನ್ನಿನವರೂ ಕಡಿಮೆಯಿಲ್ಲ. 2022ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಸರದಿ 70 ಲಕ್ಷದ ಸುತ್ತ ಮುಟ್ಟಿದ್ದಾಗ, ಹೊಸ ಆರೋಗ್ಯ ಸಚಿವೆ ತೆರೇಸ್ ಕಾಫಿಯವರ ಸಿಬ್ಬಂದಿಗೆ ಹೋದ ಸೂಚನೆಗಳಲ್ಲಿ ಒಂದು, ಇದೇ ಕೊನೆಯ ಕಾಮಾ ಬಳಸಬೇಡಿ ಎಂಬುದು. ಎರಡು ತಿಂಗಳೊಳಗೆ ಆ ಖಾತೆಯಿಂದ ಅವರೇ ಹೊರಟರು. ಕಾಮಾ ಈಗಲೂ ಅಲ್ಲೇ ಇದೆ.

ಮೇಯ್ನ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ 2017ರ ಮಾರ್ಚ್‌ನಲ್ಲಿ ಚಾಲಕರ ಪರ ತೀರ್ಪು ಕೊಟ್ಟಿತು. ಒಂದು ಕಾಮಾ ಇಲ್ಲದ್ದಕ್ಕೆ ಈ ದಾವೆ ಬಂತು ಎಂದೇ ನ್ಯಾಯಮೂರ್ತಿ ಡೇವಿಡ್ ಬ್ಯಾರನ್ ಶುರು ಮಾಡಿದ್ದು. ಮರುವರ್ಷ ಕಂಪನಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರೆ. ಇಲ್ಲಿ ಮೂಗುತಿ ಇಡದೆಯೇ ಭಾರ.

ಅಷ್ಟರಲ್ಲಿ ಶಾಸಕರು ಕಾನೂನು ತಿದ್ದಿದ್ದರು. ಕಾಮಾ ಹಾಕಿದರೆ? ಛೆ, ಮರ್ಯಾದೆ ಪ್ರಶ್ನೆ. ಪಟ್ಟಿಯ ಕಾಮಾಗಳನ್ನೆಲ್ಲ ಕಿತ್ತು ಅರ್ಧವಿರಾಮ ನೆಟ್ಟರು. ಶಿಪ್‌ಮೆಂಟಿನ ಮುಂದೆಯೂ ಒಂದು ಬಿತ್ತು, ಡಿಸ್ಟ್ರಿಬ್ಯೂಷನ್ ಹೋಗಿ ಡಿಸ್ಟ್ರಿಬ್ಯೂಟಿಂಗ್ ಆಯಿತು. ಈಗ ಯಾವ ಗೊಂದಲವೂ ಇಲ್ಲ: ಹಾಲು ಹಂಚುವವನಿಗೆ ಆ ಕಾನೂನಿನಲ್ಲಿ ಓಟಿ ಇಲ್ಲ.