ಅಳಿಯನಿಗೆ ಕ್ಲೀನ್ ಚಿಟ್

ಮೊನ್ನೆ ಭಾನುವಾರ ರಾತ್ರಿ ಒಂಬತ್ತೂವರೆಗೆ ನನಗೆ ಕ್ಲೀನ್ ಚಿಟ್ ಸಿಕ್ಕಿತು. ಕೊಟ್ಟವರು ನಮ್ಮ ಮಾವ. ಮಜ್ಜಿಗೆ ಲೋಟ ಕೆಳಗಿಟ್ಟು, ಒಂದು ತೇಗು ತೇಗಿ, "ಅಳಿಯಂದಿರೇ, ಮೋಟರ್ ವಿಷಯದಲ್ಲಿ ನಿಮಗೆ ಕ್ಲೀನ್ ಚಿಟ್ ಕೊಟ್ಟಾಯ್ತು" ಅಂದವರೇ ಕೈ ತೊಳೆಯಲು ಎದ್ದು ಹೋದರು. ಮೂರು ವಾರದ ನನ್ನ ವನವಾಸ ಅಷ್ಟಕ್ಕೇ ಮುಗಿಯಿತು.

ನಮ್ಮ ಬಡಾವಣೆಗೆ ಕಾವೇರಿ ನೀರು ದಿನ ಬಿಟ್ಟು ದಿನ. ಸಂಪಿಗೆ ಬಂದದ್ದನ್ನು ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು, ಇಪ್ಪತ್ತೈದು ನಿಮಿಷಕ್ಕೆ ನೆನಪಿಟ್ಟು ಆಫ್ ಮಾಡಬೇಕು. ನಿಮ್ಮ ಮನೆಯಲ್ಲೂ ಇದೇ ತಾನೇ? ಏಪ್ರಿಲ್‌ನ ಒಂದು ಸಂಜೆ ಯಾರೋ ಹಾಕಿದರು, ಯಾರೂ ಆಫ್ ಮಾಡಲಿಲ್ಲ. ಟೆರೇಸಿನ ಮೇಲೆ ಹಳೇ ಪಂಚೆ ಹಾಸಿ ಅತ್ತೆ ಅರಳು ಸಂಡಿಗೆ ಇಟ್ಟಿದ್ದರು. ಬೂದುಗುಂಬಳ ತುರಿದು, ಹಸಿಮೆಣಸಿನಕಾಯಿ ಇಂಗು ಅರೆದು ಹಾಕಿ, ಎರಡು ಬಿಸಿಲು ಕಂಡಿದ್ದ ಸಂಡಿಗೆ. ಅದು ಕರಗಿ ಪೈಪಿನಲ್ಲಿ ಇಳಿದು ಪಕ್ಕದ ಮನೆಯವರ ಸ್ಕೂಟರ್ ಸೀಟಿನ ಮೇಲೆ ಹೊಸದಾಗಿ ಒಣಗತೊಡಗಿತು.

ಮನೆಯಲ್ಲಿದ್ದವರು ನಾಲ್ಕು ಜನ. ಗೂಬೆ ಮಾತ್ರ ಅತ್ತಿತ್ತ ನೋಡದೆ ಬಂದು ನನ್ನ ತಲೆಯ ಮೇಲೇ ಕೂತಿತು. ಯಾವುದೋ ಕಾಲದಲ್ಲಿ ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದೆ. ಆ ಕಡತ ಇನ್ನೂ ಮುಚ್ಚಿಲ್ಲ ಅಂತ ಅವತ್ತು ಗೊತ್ತಾಯಿತು.

ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಈಗ ಅವರ ಕಚೇರಿ ಟಿವಿಯ ಮುಂದೆ. ಬೆಳಗ್ಗೆಯಿಂದ ರಾತ್ರಿವರೆಗೆ ಕೆಳಗೆ ಓಡುವ ಕೆಂಪು ಪಟ್ಟಿಯಲ್ಲಿ ಯಾರಿಗಾದರೂ ಕ್ಲೀನ್ ಚಿಟ್ ಸಿಗುತ್ತಲೇ ಇರುತ್ತದೆ. ಅದನ್ನು ನೋಡಿ ನೋಡಿ ಇವರಿಗೂ ಕೊಡುವ ಚಪಲ ಹತ್ತಿದೆ. ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ಕಣ್ಣಿಗೆ ಹತ್ತಿರ ಹಿಡಿದು, "ಇವತ್ತು ಹಾಲಿನವನಿಗೆ ಕ್ಲೀನ್ ಚಿಟ್" ಅನ್ನುತ್ತಾರೆ. ಬದನೆಕಾಯಿ ಹೆಚ್ಚುವಾಗ ಹುಳ ಇಲ್ಲದಿದ್ದರೆ ಬದನೆಕಾಯಿಗೆ ಕ್ಲೀನ್ ಚಿಟ್. ಡಾಕ್ಟರ ಹತ್ತಿರ ಹೋಗಿ ಬಂದರೆ, "ಬಿಪಿಗೆ ಕ್ಲೀನ್ ಚಿಟ್ ಸಿಕ್ತು, ಶುಗರ್ ಮೇಲೆ ತನಿಖೆ ಮುಂದುವರಿದಿದೆ." ಒಮ್ಮೆ ಒಂದು ಮೀನೂ ಬೇಯದ ನಮ್ಮ ಮನೆಯ ಬೆಕ್ಕಿಗೆ, ಎದುರು ಮನೆಯ ಮೀನು ಕಾಣೆಯಾದ ಪ್ರಕರಣದಲ್ಲಿ ಕ್ಲೀನ್ ಚಿಟ್ ಕೊಟ್ಟರು. ಬೆಕ್ಕು ಮೀಸೆ ನೆಕ್ಕಿಕೊಳ್ಳುತ್ತಾ ಸ್ವೀಕರಿಸಿತು. ಅದರ ಮೇಲೆ ಇವರಿಗೆ ಒಂದು ದಿನವೂ ಅನುಮಾನ ಬರಲಿಲ್ಲ, ನನ್ನ ಮೇಲೆ ಮೂರು ವಾರ.

ನಾನು ಪಾರಾದದ್ದು ರೈಲ್ವೆಯವರ ಪುಣ್ಯದಿಂದ. ಭಾನುವಾರ ಹುಬ್ಬಳ್ಳಿಯಿಂದ ವಾಪಸು ಬರುತ್ತಿದ್ದೆ. ಅರಸೀಕೆರೆಯಲ್ಲಿ ಗಾಡಿ ನಿಂತಾಗ ಹೆಂಡತಿಯ ಫೋನು. "ರೀ, ಟ್ಯಾಂಕ್ ಮತ್ತೆ ತುಂಬಿ ಹರೀತಿದೆ." ಜೀವಮಾನದಲ್ಲಿ ಆ ಮಾತು ಅಷ್ಟು ಇಂಪಾಗಿ ಕೇಳಿದ್ದಿಲ್ಲ. "ನಾನು ಅರಸೀಕೆರೆಯಲ್ಲಿದ್ದೀನಿ" ಅಂತ ಎರಡು ಸಲ ಹೇಳಿದೆ. ಎದುರು ಸೀಟಿನವರು ತಿರುಗಿ ನೋಡಿದರು. ಇಳಿದು ಒಂದು ವಡೆ ಹೆಚ್ಚಿಗೆ ತಿಂದೆ.

ಹಾಗಾದರೆ ಮೋಟರ್ ಹಾಕಿ ಮರೆತವರು ಯಾರು? ರಾತ್ರಿ ಕೇಳಿದೆ. "ಅದು ಇನ್ನೂ ತನಿಖೆಯ ಹಂತದಲ್ಲಿದೆ" ಅಂದರು ಮಾವ. ಸುಳ್ಳು ದೂರು ಅಂತ ಮುಚ್ಚಿದರೆ ನಮ್ಮ ಪೊಲೀಸರು ಬಿ ರಿಪೋರ್ಟ್ ಅನ್ನುತ್ತಾರೆ. ಕೃತ್ಯ ನಡೆದದ್ದು ನಿಜ, ಮಾಡಿದವರು ಪತ್ತೆಯಿಲ್ಲ ಅಂದರೆ ಸಿ ರಿಪೋರ್ಟ್. ಇದು ಸಿ. ಸಂಜೆ ಆರಕ್ಕೆ ಟಿವಿ ಹಾಕುವ ಮುಂಚೆ ಮೋಟರ್ ಸ್ವಿಚ್ ಒತ್ತುವ ಅಭ್ಯಾಸ ಯಾರಿಗಿದೆ ಅನ್ನುವುದು ಮನೆಗೆಲ್ಲ ಗೊತ್ತು. ಅತ್ತೆ ಸೊಪ್ಪು ಬಿಡಿಸುತ್ತಾ ತಲೆಯೆತ್ತಲಿಲ್ಲ.

ನನಗೆ ಉರಿದದ್ದು ಆ ಪದಕ್ಕೆ. ಗೂಬೆ ಕೂರಿಸುವುದಕ್ಕೆ ನಮ್ಮಲ್ಲಿ ಎಷ್ಟು ಚೆಂದದ ಮಾತಿದೆ, ಇಳಿಸುವುದಕ್ಕೆ ಇಲ್ಲ. ಖುಲಾಸೆ ಅಂದರೆ ಕರಿಕೋಟು ಕಾಣುತ್ತದೆ. ನಿರ್ದೋಷಿ ಅಂದರೆ ಕಂಪನಿ ನಾಟಕದ ಕೊನೇ ಅಂಕ. ಹಾಗಾಗಿ ಕ್ಲೀನ್ ಚಿಟ್. ಯಾವ ಕಾನೂನು ಪುಸ್ತಕದಲ್ಲೂ ಇಲ್ಲದ ಪದ, ಲಂಡನ್ನಿನಲ್ಲಿ ಹೇಳಿದರೆ ಮುಖ ಮುಖ ನೋಡುತ್ತಾರೆ. ಅದಿರಲಿ, ಚಿಟ್ ಕೂಡ ಇಂಗ್ಲಿಷರ ಪಿತ್ರಾರ್ಜಿತವಲ್ಲ. ನಮ್ಮ ಕಡೆಯ ಚಿಟ್ಠಿ, ಚೀಟಿಗಳನ್ನೇ ಕಂಪನಿ ದೊರೆಗಳು ಬಾಲ ಕತ್ತರಿಸಿ ಚಿಟ್ ಮಾಡಿಕೊಂಡರು. 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಅದಕ್ಕೆ ಪತ್ರ ಅನ್ನುವುದರ ಜೊತೆಗೆ ಆಳಿಗೆ ಕೊಡುವ ಪ್ರಮಾಣಪತ್ರ ಅಂತಲೂ ಅರ್ಥ ಕೊಟ್ಟಿದೆ. ಆ ಅರ್ಥ ಓದಿದ ಮೇಲೆ ಮಾವನ ತೇಗು ಮತ್ತೊಮ್ಮೆ ಕಿವಿಯಲ್ಲಿ ಕೇಳಿಸಿತು.

"ಹೋದ ಸಲ ಚೌತಿ ಚಂದ್ರನ್ನ ನೋಡಿದ್ರೇನೋ" ಅಂತ ಹೆಂಡತಿಯ ಸಮಾಧಾನ. ಕೃಷ್ಣನ ಕಥೆ ನನಗೂ ಗೊತ್ತು. ಶ್ಯಮಂತಕ ಮಣಿ ಕದ್ದ ಅಂತ ಸತ್ರಾಜಿತ ಅಪವಾದ ಹೊರಿಸಿದ, ಕೃಷ್ಣ ಜಾಂಬವಂತನ ಗುಹೆ ಹೊಕ್ಕು ಹೊಡೆದಾಡಿ ಮಣಿ ತಂದು ಎದುರಿಗಿಟ್ಟ. ಸತ್ರಾಜಿತ ನಾಚಿಕೊಂಡು ಮಗಳು ಸತ್ಯಭಾಮೆಯನ್ನೇ ಧಾರೆಯೆರೆದ. ನಮ್ಮ ಮಾವ ಮಗಳನ್ನು ಮೊದಲೇ ಕೊಟ್ಟು ಅಪವಾದವನ್ನು ಆಮೇಲೆ ಹೊರಿಸಿದವರು. ಅವರಲ್ಲಿ ಈಗ ಕೊಡಲು ಚಿಟ್ ಬಿಟ್ಟು ಬೇರೇನಿದೆ?

ನಮ್ಮಜ್ಜಿಯ ಎಲೆಯಡಿಕೆ ಸಂಚಿಯಿಂದ ಒಮ್ಮೆ ನಾಲ್ಕಾಣೆ ಕಾಣೆಯಾಗಿತ್ತು. ಜಗಲಿಯ ಮೇಲೆ ಹತ್ತು ಜನರ ಮುಂದೆ ನನ್ನನ್ನು ಕಳ್ಳ ಮುಂಡೇದು ಅಂದಳು. ಸಂಜೆ ಅದು ಸಂಚಿಯ ಮಡಿಕೆಯಲ್ಲೇ ಸಿಕ್ಕಿತು. ಅಜ್ಜಿ ನನ್ನನ್ನು ಅದೇ ಜಗಲಿಗೆ ಕರೆದು, ಹೋದವರನ್ನೂ ಕೂಗಿ ಕರೆದು, "ಪಾಪ, ಮಗು ತೊಗೊಂಡಿರ್ಲಿಲ್ಲ, ನಂದೇ ತಪ್ಪು ಕಣ್ರೋ" ಅಂದಳು. ಸುಣ್ಣ ಮೆತ್ತಿದ ಬೆರಳಿನಿಂದ ಆ ನಾಲ್ಕಾಣೆಯನ್ನು ನನ್ನ ಕೈಗೆ ಒತ್ತಿದಳು. ಖರ್ಚು ಮಾಡಲು ಮನಸ್ಸು ಬಾರದೆ ಬಹಳ ದಿನ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ.

ಸೋಮವಾರ ಬೆಳಗ್ಗೆ ಧೈರ್ಯ ಮಾಡಿ ಕೇಳಿದೆ. "ಮಾವ, ಚಿಟ್ ಅಂದ್ಮೇಲೆ ಚೀಟಿ ಇರಬೇಕಲ್ವಾ? ಬರೆದುಕೊಡಿ." ತಮಾಷೆಗೆ ಕೇಳಿದ್ದು. ಶಿರಸ್ತೇದಾರರ ಮುಂದೆ ಅಂಥ ತಮಾಷೆ ಮಾಡಬಾರದು. ಕನ್ನಡಕ ಏರಿಸಿ, ಹಳೇ ಕ್ಯಾಲೆಂಡರ್ ಹಾಳೆ ಹರಿದು, ಮಾರ್ಜಿನ್ ಮಡಚಿ ಬರೆದೇ ಬಿಟ್ಟರು: "ವಿಷಯ: ಸಂಡಿಗೆ ನಷ್ಟದ ಬಗ್ಗೆ. ಸದರಿ ಪ್ರಕರಣದಲ್ಲಿ ಅಳಿಯಂದಿರ ಪಾತ್ರ ಕಂಡುಬಂದಿರುವುದಿಲ್ಲ." ಕೆಳಗೆ ರುಜು. ರುಜುವಿನ ಪಕ್ಕ ಸಣ್ಣಕ್ಷರದಲ್ಲಿ "ಮುಂದಿನ ಆದೇಶದವರೆಗೆ."

ಫ್ರಿಜ್ಜಿಗೆ ಅಂಟಿಸಿದ್ದೆ. ಇವತ್ತು ನೋಡಿದರೆ ಇಲ್ಲ. ಹಿಂದುಗಡೆ ಖಾಲಿ ಇತ್ತಂತೆ. ಅತ್ತೆ ಅದರ ಮೇಲೆ ಅರಳು ಒಂದು ಸೇರು, ಇಂಗು, ಬೂದುಗುಂಬಳ ಅಂತ ಬರೆದು ಅಂಗಡಿಗೆ ಕಳಿಸಿದ್ದಾರೆ.