ಇನ್ನೊಂದು ಮನೆ ಕಟ್ಟುವ ಮೊದಲು

ಹೊಸ ಸಂವಿಧಾನ ಬರೆಯುವಾಗ, ಇಲ್ಲವೇ ಹಳೆಯದನ್ನು ರಿಪೇರಿ ಮಾಡುವಾಗ, ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಸಂಸತ್ತಿಗೆ ಮೇಲ್ಮನೆಯೂ ಒಂದಿರಲಿ. ಅನುಭವಸ್ಥರು ಅಲ್ಲಿ ಕೂತು, ಕೆಳಮನೆ ಅವಸರದಲ್ಲಿ ಮಾಡಿದ ಕಾನೂನನ್ನು ಸಮಾಧಾನವಾಗಿ ಓದಿ, ತಪ್ಪಿದ್ದರೆ ತಿದ್ದುತ್ತಾರಂತೆ. ಕೇಳಲು ಚೆನ್ನಾಗಿದೆ. ಮೇಲ್ಮನೆ ಬೇಡವೇ ಬೇಡ ಎನ್ನುವವನು ನಾನಲ್ಲ. ಆದರೆ ಅಲ್ಲಿಗೆ ಜನರನ್ನು ಕಳಿಸುವವರು ಯಾರು ಅನ್ನುವುದು ಇತ್ಯರ್ಥವಾಗದೆ ಇಟ್ಟಿಗೆ ತರಿಸಬಾರದು.

ನ್ಯೂಜಿಲೆಂಡ್‌ನಲ್ಲಿ ಲೆಜಿಸ್ಲೇಟಿವ್ ಕೌನ್ಸಿಲ್ ಎಂಬ ಮೇಲ್ಮನೆ ಇತ್ತು. ಸದಸ್ಯರೆಲ್ಲ ಸರ್ಕಾರ ನೇಮಿಸಿದವರು. ಅಧಿಕಾರಕ್ಕೆ ಬಂದವರು ತಮ್ಮವರನ್ನು ತುಂಬಿಸುತ್ತಾ ಹೋದರು. ಕೊನೆಗೆ ಅದು ಕೋಲೆಬಸವನ ಹಾಗೆ ತಲೆ ಅಲ್ಲಾಡಿಸುವ ಮನೆಯಾಯಿತು. 1950ರಲ್ಲಿ ಪ್ರಧಾನಿ ಸಿಡ್ನಿ ಹಾಲೆಂಡ್ ಅದನ್ನು ಮುಚ್ಚಲು ಹೊರಟರು. ಹೇಗೆ ಗೊತ್ತಾ? ರದ್ದಿನ ಪರ ಮತ ಹಾಕುವವರನ್ನೇ ಹುಡುಕಿ ಸದಸ್ಯರನ್ನಾಗಿ ನೇಮಿಸಿದರು. ಅವರಿಗೆ 'ಆತ್ಮಹತ್ಯಾ ದಳ' ಎಂದೇ ಹೆಸರು ಬಿತ್ತು. 1951ರ ಜನವರಿ 1ಕ್ಕೆ ಆ ಮನೆ ಇಲ್ಲವಾಯಿತು. ಹಾಳು ಮಾಡಿದ್ದೂ ನೇಮಕವೇ, ಮುಚ್ಚಿದ್ದೂ ನೇಮಕವೇ! ಡೆನ್ಮಾರ್ಕ್ 1953ರಲ್ಲಿ, ಸ್ವೀಡನ್ 1970ರ ಹೊತ್ತಿಗೆ ಒಂದೇ ಮನೆ ಸಾಕು ಎಂದವು. ಆ ದೇಶಗಳೇನೂ ಮುಳುಗಿಹೋಗಲಿಲ್ಲ.

ಹಾಗಾದರೆ ಯಾರಿಗೆ ಬೇಕು ಮೇಲ್ಮನೆ? ತಲೆ ಎಣಿಸಿದರೆ ಪ್ರತಿ ಸಲ ಸೋಲುವವರಿಗೆ ಬೇಕು. 1787ರಲ್ಲಿ ಅಮೆರಿಕದ ಸಣ್ಣ ರಾಜ್ಯಗಳ ಚಿಂತೆ ಇದೇ ಆಗಿತ್ತು. ಒಂದು ಮನೆಯಲ್ಲಿ ಜನಸಂಖ್ಯೆಯ ಲೆಕ್ಕ, ಸೆನೆಟ್ ಎಂಬ ಮೇಲ್ಮನೆಯಲ್ಲಿ ಎಲ್ಲ ರಾಜ್ಯಕ್ಕೂ ಸಮಪಾಲು ಎಂದು ರಾಜಿಯಾಯಿತು. ಇವತ್ತು ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಕ್ಕೂ ಇಬ್ಬರೇ ಸೆನೆಟರ್‌ಗಳು, 6 ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಇಬ್ಬರು. ಇದು ನನಗೆ ಸ್ವಲ್ಪ ಅತಿಯಾಯಿತು ಅನಿಸುತ್ತದೆ. ಆದರೂ ಆ ಮನೆ ಯಾಕಿದೆ ಅನ್ನುವುದಾದರೂ ಸ್ಪಷ್ಟವಾಗಿದೆ ಅಲ್ವಾ? ಪಾಕಿಸ್ತಾನ ಸೆನೆಟ್ ಕಟ್ಟಿದ್ದು 1973ರ ಸಂವಿಧಾನದಲ್ಲಿ, ಬಾಂಗ್ಲಾದೇಶ ಬೇರೆಯಾಗಿ ದೇಶವೇ ಎರಡು ಹೋಳಾದ ಮೇಲೆ. ಅಲ್ಲಿಯೂ ಪ್ರಾಂತ್ಯಗಳಿಗೆ ಸಮಪಾಲು. ಕೀನ್ಯಾ 1966ರಲ್ಲಿ ತೆಗೆದುಹಾಕಿದ್ದ ಸೆನೆಟನ್ನು 2010ರ ಸಂವಿಧಾನದಲ್ಲಿ ಮತ್ತೆ ತಂದಿತು, 47 ಕೌಂಟಿಗಳ ಪರ ಮಾತಾಡಲಿ ಎಂದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜರ್ಮನಿಯ ಮೇಲ್ಮನೆ ಬುಂಡೆಸ್‌ರಾಟ್. ಅದಕ್ಕೆ ಬೇರೆ ಚುನಾವಣೆಯೇ ಇಲ್ಲ. ರಾಜ್ಯ ಸರ್ಕಾರಗಳ ಮಂತ್ರಿಗಳೇ ಅಲ್ಲಿ ಕೂರುತ್ತಾರೆ. ರಾಜ್ಯದ ಗಾತ್ರ ನೋಡಿ 3ರಿಂದ 6 ಮತ, ಒಟ್ಟು 69. ಒಂದು ರಾಜ್ಯದ ಮತಗಳೆಲ್ಲ ಒಟ್ಟಿಗೇ ಬೀಳಬೇಕು, ಹರಿದು ಹಂಚುವಂತಿಲ್ಲ. ರಾಜ್ಯದಲ್ಲಿ ಸರ್ಕಾರ ಬದಲಾದರೆ ಇಲ್ಲಿ ಕೂರುವವರೂ ಬದಲಾಗುತ್ತಾರೆ. ನಾಳೆ ಆ ಕಾನೂನನ್ನು ಜಾರಿ ಮಾಡಿ ಪಾಡು ಪಡಬೇಕಾದವರೇ ಇವತ್ತು ಅದನ್ನು ಓದುತ್ತಿರುತ್ತಾರೆ. ಸುಮ್ನೆ ಕೈ ಎತ್ತಲು ಆಗುತ್ತದೆಯೇ? ನಮ್ಮ ರಾಜ್ಯಸಭೆ ಹೆಸರಿಗೆ ರಾಜ್ಯಗಳದ್ದು. ಆದರೆ ಒಂದು ರಾಜ್ಯದಿಂದ ಆರಿಸಿ ಬರುವವರು ಅದೇ ರಾಜ್ಯದ ಮತದಾರರಾಗಿರಬೇಕು ಎಂಬ ನಿಯಮವನ್ನು 2003ರಲ್ಲೇ ಕೈಬಿಟ್ಟೆವು.

ಇನ್ನು ಅಧಿಕಾರದ ಮಾತು. ದುಡ್ಡಿನ ಪೆಟ್ಟಿಗೆಯ ಬೀಗ ಮೇಲ್ಮನೆಯ ಕೈಗೆ ಕೊಡಬಾರದು. ಬ್ರಿಟನ್ನಿನ ಲಾರ್ಡ್ಸ್ ಸಭೆ 1909ರಲ್ಲಿ ಬಜೆಟ್ಟನ್ನೇ ತಿರಸ್ಕರಿಸಿತು. ಎರಡೇ ವರ್ಷದಲ್ಲಿ, 1911ರ ಕಾನೂನಿನಿಂದ, ಅದರ ಹಲ್ಲು ಕಿತ್ತರು. ಹಣಕಾಸು ಮಸೂದೆಯನ್ನು ಒಂದು ತಿಂಗಳಿಗಿಂತ ಜಾಸ್ತಿ ಹಿಡಿಯುವಂತಿಲ್ಲ. ಉಳಿದವುಗಳಲ್ಲಿ ಹೆಚ್ಚಿನವನ್ನು ತಡ ಮಾಡಬಹುದು, ಕೊಲ್ಲುವಂತಿಲ್ಲ. ಆಸ್ಟ್ರೇಲಿಯಾದ ಸೆನೆಟ್‌ಗೆ ಈ ಅಂಕುಶ ಇರಲಿಲ್ಲ. 1975ರಲ್ಲಿ ಅದು ಸರ್ಕಾರದ ಖರ್ಚಿನ ಮಸೂದೆಗಳನ್ನು ತಡೆಹಿಡಿದು ಕೂತಿತು. ಕೆಳಮನೆಯಲ್ಲಿ ಬಹುಮತವಿದ್ದ ಪ್ರಧಾನಿ ವಿಟ್ಲಮ್ ಅವರನ್ನು ನವೆಂಬರ್ 11ರಂದು ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್ ವಜಾ ಮಾಡಿದರು.

ಮೇಲ್ಮನೆ ಬಿಳಿಯಾನೆ ಎನ್ನುವವರು ಐರ್ಲೆಂಡ್ ಕಡೆಗೂ ನೋಡಬೇಕು. 2013ರಲ್ಲಿ ಅಲ್ಲಿನ ಸರ್ಕಾರ ಮೇಲ್ಮನೆ ರದ್ದು ಮಾಡೋಣವೇ ಎಂದು ಜನರನ್ನೇ ಕೇಳಿತು. ಖರ್ಚು ಉಳಿಯುತ್ತದೆ ಎಂಬ ಆಸೆಯನ್ನೂ ತೋರಿಸಿತು. ಮತ ಹಾಕಿದವರಲ್ಲಿ ಶೇ. 51.7 ಜನ ರದ್ದು ಮಾಡುವುದು ಬೇಡ ಎಂದರು. ಅಂಥ ದೊಡ್ಡ ಅಂತರವೇನಲ್ಲ. ಆದರೂ ಸರ್ಕಾರದ ಕೈಯಲ್ಲಿ ಪೂರ್ತಿ ಲಗಾಮು ಕೊಡಲು ಜನ ಹಿಂಜರಿದರು ಅಂತಲೇ ನಾನು ಓದಿಕೊಂಡೆ.

ಯಾರಾದರೂ ನನ್ನ ಕೈಗೆ ನಕ್ಷೆ ಕೊಟ್ಟರೆ (ಕೊಡುವುದಿಲ್ಲ, ಬಿಡಿ), ಒಂದೇ ರೀತಿಯ ಆಡಳಿತ ಇರುವ ಪುಟ್ಟ ದೇಶಕ್ಕೆ ಮೇಲ್ಮನೆ ಬರೆಯುವುದಿಲ್ಲ. ಅಲ್ಲಿ ಗಟ್ಟಿ ಸಮಿತಿಗಳು ಸಾಕು. ಒಕ್ಕೂಟವಾದರೆ ಬರೆಯುತ್ತೇನೆ. ಆರು ತಿಂಗಳು ತಡೆಯುವ ಅಧಿಕಾರ ಕೊಟ್ಟು, ಬಜೆಟ್ ದೂರ ಇಡುತ್ತೇನೆ. ಕೆಳಮನೆ ಚುನಾವಣೆಯಲ್ಲಿ ಸೋತವರು ಐದು ವರ್ಷ ಆ ಬಾಗಿಲು ತಟ್ಟುವಂತಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಈ ಸಾಲಿಗೆ ಮಾತ್ರ ಎಲ್ಲ ಪಕ್ಷದವರೂ ಒಟ್ಟಾಗಿ ಅಡ್ಡ ಬರುತ್ತಾರೆ, ನೋಡುತ್ತಿರಿ.